ಮೂವತ್ತು ಸೆಂಟ್ಸ್ ಗದ್ದೆ

ನನ್ನ ಕೆಲಸಕ್ಕೆ ದೊಡ್ಡ ಬುದ್ಧಿಯೇನೂ ಬೇಡ. ಉಪಗ್ರಹ ತೆಗೆದ ಚಿತ್ರದ ಮೇಲೆ ಕಚೇರಿಯವರು ಚುಕ್ಕೆ ಇಟ್ಟು ಕೊಡುತ್ತಾರೆ. ನಾನು ಸ್ಕೂಟರಿನಲ್ಲಿ ಅಲ್ಲಿಗೆ ಹೋಗಿ, ನಿಜಕ್ಕೂ ಏನಿದೆ ಎಂದು ನೋಡಿ ಮೊಬೈಲಿನಲ್ಲಿ ಒತ್ತಬೇಕು: ಕಾಡು, ತೋಟ, ಗದ್ದೆ, ಕಟ್ಟಡ, ಪಾಳು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಮುಂದೆ ಏನು ಉಳಿಯಬೇಕು, ಏನು ಬರಬೇಕು ಎಂಬ ಯೋಜನೆ ಇದರ ಮೇಲೆ ನಿಲ್ಲುತ್ತದಂತೆ. ಮೊದಮೊದಲು, ಹಳೆಯ ನಕ್ಷೆಯಲ್ಲಿ ಗದ್ದೆ ಇದ್ದಲ್ಲಿ ಸೈಟಿನ ಕಲ್ಲು ಕಂಡರೆ ಸ್ಕೂಟರು ನಿಲ್ಲಿಸಿ ಸ್ವಲ್ಪ ಹೊತ್ತು ನೋಡುತ್ತಿದ್ದೆ. ಈಗ ನೋಡುತ್ತಾ ನಿಲ್ಲುವುದಿಲ್ಲ. ಒತ್ತುತ್ತೇನೆ, ಮುಂದಿನ ಚುಕ್ಕೆಗೆ ಹೋಗುತ್ತೇನೆ.

ನೂರ ಹನ್ನೆರಡನೇ ಚುಕ್ಕೆ ವಾಮದಪದವಿನಿಂದ ಒಳಗೆ. ಸುತ್ತ ಅಡಿಕೆ, ನಡುವೆ ಒಂದೇ ಒಂದು ಗದ್ದೆ. ಅದರಲ್ಲಿ ತೆನೆ ಬಾಗಿತ್ತು. ಹೆಂಗಸೊಬ್ಬರು ನನ್ನನ್ನು ಕಂಡದ್ದೇ ಕತ್ತಿ ಹಿಡಿದು ಗದ್ದೆಗಿಳಿದರು. ರಾಜೀವಿ ಅಂತ ಹೆಸರು, ಅರವತ್ತು ದಾಟಿರಬೇಕು.

“ನಿಮ್ಮಲ್ಲಿಗೂ ತೆನೆ ಬೇಕಲ್ಲ ಮಗಾ? ಬೆಳಿಗ್ಗೆಯಿಂದ ನೀನು ಒಂಬತ್ತನೆಯವಳು.”

ಹೊಸ ಅಕ್ಕಿ ಊಟಕ್ಕೆ ಎಲ್ಲ ಮನೆಯ ಬಾಗಿಲಿಗೂ ಹೊಸ ತೆನೆ ಕಟ್ಟಲೇಬೇಕು. ಬೇಸಾಯ ಬಿಟ್ಟವರಿಗೂ ಅದು ತಪ್ಪುವುದಿಲ್ಲ. ಆ ಊರಿನಲ್ಲಿ ತೆನೆ ಇದ್ದದ್ದು ಇಲ್ಲಿ ಮಾತ್ರ.

“ಅಲ್ಲ ಅಕ್ಕ, ನಾನು ಸರ್ವೆಗೆ ಬಂದದ್ದು.”

ಅಷ್ಟರಲ್ಲಿ ಒಂದು ಹಿಡಿ ಕೊಯ್ದಾಗಿತ್ತು. ಅದನ್ನು ಹಿಡಿದುಕೊಂಡೇ ಅವರು ದಂಡೆಗೆ ಬಂದರು.

“ಒಳ್ಳೇದಾಯ್ತು. ಮೇಲಿನ ಜಾಗದವರು ಮಣ್ಣು ತುಂಬಿಸಿ ಗೋದಾಮು ಕಟ್ತಾರಂತೆ. ಕಟ್ಟಿದರೆ ನನಗೆ ನೀರು ಬರುವ ತೋಡು ಮುಚ್ಚಿಹೋಗ್ತದೆ. ನಕ್ಷೆಯಲ್ಲಿ ಗದ್ದೆ ಉಂಟು ಅಂತಾದರೆ ಅವರಿಗೆ ಪರವಾನಗಿ ಸಿಗುದಿಲ್ಲವಂತೆ. ಗದ್ದೆ ಅಂತ ಬರಿ, ಆಯ್ತಾ?”

ನಾನು ತುಸು ದೂರ ಹೋಗಿ ಮೇಲ್ವಿಚಾರಕ ಜಯೇಶರಿಗೆ ಫೋನು ಮಾಡಿ ಗದ್ದೆಯ ವಿಷಯ ಹೇಳಿದೆ.

“ಎಷ್ಟುಂಟು?”

“ಮೂವತ್ತು ಸೆಂಟ್ಸ್.”

“ಒಂದು ಎಕರೆಗಿಂತ ಕಡಿಮೆ ಇದ್ದರೆ ಸುತ್ತ ಇರುವುದನ್ನೇ ಒತ್ತುದು. ಎಷ್ಟು ಸಲ ಹೇಳುದು ಮಾರಾಯ್ತಿ?”

“ಭತ್ತ ಕಣ್ಣೆದುರೇ ಉಂಟು ಸಾರ್.”

“ನಿನ್ನ ಕಣ್ಣಿಗುಂಟು. ಮಳೆಗಾಲವಿಡೀ ಮೋಡ, ಚಿತ್ರ ತೆಗೆದದ್ದು ಬೇಸಗೆಯಲ್ಲಿ. ಅದರಲ್ಲಿ ಭತ್ತ ಇಲ್ಲ.”

ಇದೊಳ್ಳೆ ಕಥೆ! ನಿಜ ಏನೆಂದು ನೋಡಲಿಕ್ಕೇ ಅಲ್ಲವೇ ನನ್ನನ್ನು ಕಳಿಸಿದ್ದು? ಕೆಳಗೆ ‘ಇತರೆ ವಿವರ’ ಎಂದು ಖಾಲಿ ಜಾಗವಿತ್ತು. ಎರಡು ಸಾಲು ಬರೆಯಬಹುದಿತ್ತು. ಬರೆದರೆ ಚುಕ್ಕೆ ವಾಪಸು ಬರುತ್ತದೆ, ಇನ್ನೊಮ್ಮೆ ಇಷ್ಟು ದೂರ ಬರಬೇಕು, ಜಯೇಶರ ಬಾಯಿಗೂ ಇನ್ನೊಮ್ಮೆ ಸಿಕ್ಕಬೇಕು. ಆ ದಿನ ಇನ್ನೂ ಏಳು ಚುಕ್ಕೆ ಬಾಕಿ ಇದ್ದವು. ‘ತೋಟ’ ಒತ್ತಿ ಕಳಿಸಿದೆ.

“ಬರೆದೆಯಾ?” ರಾಜೀವಿಯಕ್ಕ ಕೇಳಿದರು.

“ಬರೆದೆ.”

“ಗದ್ದೆ ಅಂತ?”

“ಹ್ಞೂಂ.”

ಸುಳ್ಳು ಎಷ್ಟು ಸಲೀಸಾಗಿ ಬಂತು! ಅವರ ಮುಖ ಅರಳಿತು. ಇನ್ನೂ ಒಂದು ಹಿಡಿ ಕೊಯ್ದು, ಎರಡನ್ನೂ ಅರಿಶಿನದ ಎಲೆಯಲ್ಲಿ ಸುತ್ತಿ ಕೊಟ್ಟರು.

“ಬರುವ ವರ್ಷವೂ ಬಾ. ಬೇರೆ ಕಡೆ ಹುಡುಕಲಿಕ್ಕೆ ಹೋಗಬೇಡ.”

ನಾಚಿಕೆಯಾಗಬೇಕಿತ್ತು. ತೆನೆ ಉದುರದ ಹಾಗೆ ಹೆಲ್ಮೆಟ್ ಇಡುವ ಜಾಗದಲ್ಲಿ ಹೇಗೆ ಇಡುವುದು ಎಂದಷ್ಟೇ ಯೋಚಿಸಿದೆ.

ಮೂಡುಬಿದಿರೆಯ ನಮ್ಮ ಬಾಡಿಗೆ ಮನೆಯಲ್ಲಿ ತೆನೆ ಕಂಡು ಅಮ್ಮನಿಗೆ ಖುಷಿಯೋ ಖುಷಿ. ಪ್ರತಿ ವರ್ಷ ಪೇಟೆಯಿಂದ ಬಾಡಿದ ನಾಲ್ಕು ಕಡ್ಡಿ ತಂದು ಮುಗಿಸುತ್ತಿದ್ದರು. ಸ್ಟೂಲು ಹತ್ತಿ ಬಾಗಿಲಿಗೆ ಕಟ್ಟುತ್ತಾ ಕೇಳಿದರು, “ಎಷ್ಟು ಚಂದ ಉಂಟು! ಯಾರ ಗದ್ದೆಯದ್ದು?”

“ಅಲ್ಲಿ ಗದ್ದೆ ಇಲ್ಲ ಅಮ್ಮ, ತೋಟ.”

ಅಮ್ಮ ಸ್ಟೂಲಿನ ಮೇಲಿಂದಲೇ ತಿರುಗಿ ನೋಡಿದರು.

“ತೋಟದಲ್ಲಿ ತೆನೆ ಆಗ್ತದಾ ಮಾರಾಯ್ತಿ?”

ನಾನು ಸ್ಟೂಲು ಅಲುಗದ ಹಾಗೆ ಹಿಡಿದುಕೊಂಡೆ.

ಮರುದಿನ ಮಧ್ಯಾಹ್ನ ಅಮ್ಮ ಆ ತೆನೆಯ ಕಾಳುಗಳನ್ನು ಉಗುರಿನಲ್ಲಿ ಸುಲಿದು ಪಾಯಸಕ್ಕೆ ಹಾಕಿದರು. ದೇವರಿಗೆ ಕೈಮುಗಿದು, ನನ್ನ ಎಲೆಗೂ ಬಡಿಸಿದರು. ನಾನು ಉಂಡೆ.