ಬೆರಳಿಗೆ ಬದಲು ಬೆಣೆ

ಮನೋಹರ್ ಚನ್ನಪಟ್ಟಣದಲ್ಲಿ ಮರದ ಗೊಂಬೆ ಕಡೆಯುವವನು. ವಯಸ್ಸು ಮೂವತ್ತೈದು ದಾಟಿದ್ದರೂ ಆಟದ ಹುಚ್ಚು ಹದಿನೈದರಲ್ಲೇ ನಿಂತಿತ್ತು. 2006ರಲ್ಲಿ ಖಲಂದರನ ಹಳೇ ಸಾಮಾನಿನ ಅಂಗಡಿಯಿಂದ ಯಾರೋ ಆಡಿ ಬಿಟ್ಟ ಪ್ಲೇಸ್ಟೇಷನ್ ಟೂ ಎಂಬ, ಟಿವಿಗೆ ಹಾಕಿ ಆಡುವ ಮೆಷಿನ್ನು ತಂದ. ತಂದವನು ಹೊಸ ಆಟ ಆಡಿದನೇ? ಅದೂ ಇಲ್ಲ. ಅದಕ್ಕೂ ಹಿಂದೆ ಬಂದಿದ್ದ ಪ್ಲೇಸ್ಟೇಷನ್ನಿನ ಕಾಲದ ಕಾರ್ ರೇಸಿನ ಡಿಸ್ಕನ್ನೇ ಅದರ ಬಾಯಿಗಿಟ್ಟ. ಅದು ತಕರಾರಿಲ್ಲದೆ ಆಡಿಸಿತು. ಹೊಸ ಮಡಕೆಗೆ ಹಳಸಿದ ಸಾರು ಸುರಿದರು ಎಂದು ಹೆಂಡತಿ ಭಾನುಪ್ರಿಯ ಮೂತಿ ತಿರುವಿದಳು.

ಭಾನುವಾರಗಳಲ್ಲಿ ಅವನ ಪಕ್ಕ ಕೂರುತ್ತಿದ್ದವನು ಅವಳ ತಮ್ಮ ನಾಗರಾಜು. ತಾಯಿ ತಂದೆ ಇಲ್ಲದವನು, ಅಕ್ಕ ಬಾವನ ಕೈಯಲ್ಲೇ ಬೆಳೆದವನು. ಈಗ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಲ್ಲುತ್ತಿದ್ದ.

ಆ ಆಟದಲ್ಲಿ ಎರಡು ಗಂಟೆಯ ರೇಸ್ ಒಂದಿತ್ತು. ಅಷ್ಟು ಹೊತ್ತೂ ಕೈಯಲ್ಲಿನ ಕಂಟ್ರೋಲರಿನ ಆಕ್ಸಿಲರೇಟರ್ ಗುಂಡಿ ಒತ್ತಿ ಹಿಡಿದು ಹೆಬ್ಬೆರಳು ಮರಗಟ್ಟುತ್ತಿತ್ತು. ಸೋಮಾರಿಗೆ ಉಪಾಯ ಬಹಳ. ಮನೋಹರ್ ಒಂದು ಪುಟ್ಟ ಮರದ ಬೆಣೆ ಕಡೆದು, ಕೆಂಪು ಅರಗು ಹಚ್ಚಿ, ಗುಂಡಿಯ ಮೇಲಿಟ್ಟು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದ. ಕಾರು ತಾನಾಗಿ ಓಡಿತು. ಅವನು ಒಂದು ಕೈಯಲ್ಲಿ ಎಡಬಲದ ಗುಂಡಿ ಒತ್ತಿ ಕಾರು ತಿರುಗಿಸುತ್ತಾ ಇನ್ನೊಂದರಲ್ಲಿ ಕಡಲೆಕಾಯಿ ತಿಂದ.

"ಮೆಷಿನ್‌ಗೇನ್ ಗೊತ್ತಾಯ್ತದೆ, ಒತ್ತಿದ್ದು ಬೆರಳೋ ಕಟ್ಟಿಗೆಯೋ ಅಂತ!" ಎಂದು ಬೀಗಿದ.

ನಾಗರಾಜು ಬಿದ್ದು ಬಿದ್ದು ನಕ್ಕ. "ನಂಗೂ ಒಂದ್ ಮಾಡ್ಕೊಡಿ ಬಾವ. ಒಸಿ ದಪ್ಪಕ್ಕಿರ್ಲಿ."

ಯಾಕೆ ಎಂದು ಮನೋಹರ್ ಕೇಳಲಿಲ್ಲ. ಕೇಳಬೇಕಿತ್ತು. ಹೊಗಳಿದರೆ ಉಬ್ಬುವ ಜಾತಿಯ ಮನುಷ್ಯ, ಹತ್ತೇ ನಿಮಿಷದಲ್ಲಿ ಕಡೆದು ಕೊಟ್ಟ.

ಮುಂದಿನ ಭಾನುವಾರ ಊಟದ ಹೊತ್ತಿಗೆ ನಾಗರಾಜುವೇ ಬಾಯಿಬಿಟ್ಟ. ಪ್ರೆಸ್ಸಿಗೆ ಎರಡು ಗುಂಡಿ, ಆಚೆ ಒಂದು ಈಚೆ ಒಂದು. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅದು ಕೆಳಗಿಳಿಯುತ್ತದೆ.

"ಎಡಗಡೆ ಗುಂಡಿಗೆ ನಿಮ್ ಬೆಣೆ ಬಿಗಿದ್ಬುಟ್ಟೆ ಬಾವ. ಬಲಗೈ ಒತ್ತೋದು, ಎಡಗೈ ತಗಡು ಇಡೋದು. ಹಿಂಗೆ!" ತಟ್ಟೆಯ ಅಂಚಿನಡಿಗೆ ಅಂಗೈ ತೂರಿಸಿ ಸರ್ರನೆ ಎಳೆದುಕೊಂಡು ತೋರಿಸಿದ. ಭಾನುಪ್ರಿಯ ತಮ್ಮನ ಚುರುಕು ಕಂಡು ಹಿಗ್ಗಿದಳು.

ಮನೋಹರ್ ಮುರಿದಿದ್ದ ಮುದ್ದೆಯ ತುತ್ತನ್ನು ತಟ್ಟೆಗೇ ಹಾಕಿದ. ಎರಡು ಗುಂಡಿ ಯಾಕಿಟ್ಟಿದ್ದಾರೆಂದು ದಿನವಿಡೀ ಉಳಿ ಹಿಡಿಯುವವನಿಗೆ ಬಿಡಿಸಿ ಹೇಳಬೇಕೇ? ಎರಡೂ ಕೈ ಹೊರಗಿರಲಿ ಎಂದೇ.

"ಕಿತ್ತಾಕ್ಲಾ ಅದ್ನ!"

"ಆಟದಾಗೆ ನೀವೇ ಹಾಕಿದ್ರಲ್ಲ?"

"ಅಲ್ಲಿ ಗುದ್ಕಂಡ್ರೆ ಮತ್ತೆ ಮೊದ್ಲಿಂದ ಆಡ್ಬೌದು ಕಣ್ಲಾ!"

"ಆಗ್ಲಿ ಬುಡಿ ಬಾವ," ಎಂದ ನಾಗರಾಜು. ದೊಡ್ಡವರ ಬಾಯಿ ಮುಚ್ಚಿಸಲು ಹೇಳುವ ಮಾತು ಅದು.

ಸೋಮವಾರವೆಲ್ಲ ಮನೋಹರನ ಕೈಗೆ ಕೆಲಸ ಹತ್ತಲಿಲ್ಲ. ಮಂಗಳವಾರ ಮಧ್ಯಾಹ್ನ ಕನಕಪುರದ ಬಸ್ ಹತ್ತಿ, ಅಲ್ಲಿಂದ ಹಾರೋಹಳ್ಳಿಗೆ ಹೋಗಿ, ಎರಡನೇ ಪಾಳಿಯ ಹೊತ್ತಿಗೆ ಕಾರ್ಖಾನೆಯ ಗೇಟಿನಲ್ಲಿ ನಿಂತ. ಬೆಣೆ ಕೈಗೆ ಬರದೆ ವಾಪಸ್ಸು ಹೋಗುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದ.

ಜಗಳವೇ ಆಗಲಿಲ್ಲ. ನಾಗರಾಜು ಜೇಬಿನಿಂದ ಬೆಣೆ ತೆಗೆದು ಕೊಟ್ಟುಬಿಟ್ಟ. ಮನೋಹರನ ಎದೆಯ ಭಾರ ಇಳಿಯಿತು.

"ಅದ್ರ ಕೆಲ್ಸ ಮುಗೀತು ಬಾವ," ಎಂದ ನಾಗರಾಜು. "ಸೂಪರ್‌ವೈಸರ್ ನೋಡ್ಬುಟ್ರು. ಬೈತಾರೆ ಅಂದ್ಕಂಡೆ, ಬೆನ್ ತಟ್ಟಿದ್ರು. ನಿನ್ನೆ ಎಲೆಕ್ಟ್ರಿಷಿಯನ್ ಬಂದು ಎಲ್ಲಾ ಪ್ರೆಸ್‌ಗೂ ಎಡಗಡೆ ಗುಂಡಿದು ವೈರನ್ನ ಒಳಗಿಂದ್ಲೇ ಸೇರಿಸ್ಬುಟ್ಟ, ಇನ್ ಅದ್ನ ಒತ್ತೋ ಹಂಗೇ ಇಲ್ಲ. ಗಂಟೆಗೆ ಆರ್ನೂರ್ ತಗಡಿತ್ತು, ಒಂಬೈನೂರ್ ತಗೀಬೇಕು ಅಂದವ್ರೆ."

"ಕೈ ಯಾವಾಗ್ಲಾ ಆಚೆ ತಕ್ಕೋತೀಯ?"

ನಾಗರಾಜು ಈ ಸಲ ನಗಲಿಲ್ಲ. "ಒಸಿ ಬಿರ್ನೆ ಎಳ್ಕೊಬೇಕು, ಅಷ್ಟೆಯ."

"ಬೇಡ ಕಣ್ಲಾ, ಮನೆಗ್ ನಡಿ."

"ನಾನ್ ಬಂದ್ಬುಟ್ರೆ ಉಳಿದೋರು?"

ಸೈರನ್ ಕೂಗಿತು. ಬಾವ ಹಿಡಿದಿದ್ದ ತೋಳನ್ನು ಬಿಡಿಸಿಕೊಂಡು ನಾಗರಾಜು ಒಳಗೆ ನಡೆದ. ಅವನ ಹಿಂದೆ ಬೈರಾಪಟ್ಟಣದವರು, ಮಾಗಡಿ ಕಡೆಯವರು, ಮೀಸೆ ಚಿಗುರದವರು, ಮದುವೆ ಗೊತ್ತಾದವರು, ನಲವತ್ತು ಜನ ನಗುತ್ತಾ ಮಾತಾಡುತ್ತಾ ಒಳಗೆ ಹೋದರು. ಒಬ್ಬನ ಕೈ ಉಳಿಸಲು ಬಂದ ಮನೋಹರ್, ಅವರಲ್ಲಿ ಒಬ್ಬನ ಹೆಸರೂ ಗೊತ್ತಿಲ್ಲದೆ, ಎಲ್ಲರ ಕೈಗಳನ್ನೇ ನೋಡುತ್ತಾ ನಿಂತ. ಗೇಟು ಮುಚ್ಚಿತು, ಒಳಗೆ ಪ್ರೆಸ್ಸುಗಳು ಶುರುವಾದವು.