ಕೀಟಾಣು ಯಾರ ಕಡೆ ನೆಂಟ?

ಕೊತ್ತತ್ತಿಯ ಅರಳಿಕಟ್ಟೆಯಲ್ಲಿ ಅಂದು ಸಂಜೆ ಪಂಚಾಯ್ತಿ. ತೀರ್ಪು ಮೊದಲೇ ಸಿದ್ಧವಾಗಿತ್ತು, ವಿಚಾರಣೆಯೊಂದು ಬಾಕಿ. ಊರಾಚೆ ಹಂದಿ ಸಾಕುವ ಚಿಕ್ಕಬೋರಯ್ಯನ ಹಂದಿಗಳನ್ನು ಇವತ್ತೇ ಊರು ಬಿಡಿಸಬೇಕು. ಕಾರಣ, ಮಂಗಳಮ್ಮನ ಮಗ ಸ್ವಾಮಿ. ಮಿದುಳುಜ್ವರ ಬಂದು, ಮಂಡ್ಯದ ಆಸ್ಪತ್ರೆಯಲ್ಲಿ ಸತ್ತು ಬದುಕಿ ಬಂದಿದ್ದ. ಜೀವ ಉಳಿಯಿತು, ಎರಡೂ ಕಿವಿ ಹೋದವು. ಇದು ಹಂದಿಯಿಂದ ಬರುವ ಕೀಟಾಣು ಎಂದು ಡಾಕ್ಟರು ಹೇಳಿದ್ದೇ ತಡ, ಮಂದಿಯ ಕಣ್ಣೆಲ್ಲ ಚಿಕ್ಕಬೋರಯ್ಯನ ದೊಡ್ಡಿಯ ಮೇಲೆ ಬಿತ್ತು. ಅವನ ಹೊಟ್ಟೆಪಾಡೇ ಆ ದೊಡ್ಡಿ.

ಹಂದಿಗಳ ಈ ಗಡೀಪಾರು ತಪ್ಪಿಸಲೇಬೇಕೆಂದು ಹಟ ಹಿಡಿದವಳು ವನಜಾ. ಮಳವಳ್ಳಿ ಕಡೆಯ ಹೆಣ್ಣುಮಗಳು, ಇಂಥ ಕೀಟಾಣುಗಳ ಜೀನೋಮ್ ಓದುವುದು ಅವಳ ಕೆಲಸ. ಸ್ವಾಮಿಯ ಬೆನ್ನುಮೂಳೆಯ ನೀರಿನಲ್ಲಿ ಸಿಕ್ಕಿದ ಕೀಟಾಣುವನ್ನೂ, ಚಿಕ್ಕಬೋರಯ್ಯನ ಹಂದಿಗಳ ಗಂಟಲಿಗೆ ಹತ್ತಿ ಕಡ್ಡಿ ಹಾಕಿ ತೆಗೆದದ್ದನ್ನೂ ಅಕ್ಕಪಕ್ಕ ಇಟ್ಟು ಓದಿ ಬಂದಿದ್ದಳು.

“ಹೆಳವ್ರು ಬಂದು ವಂಶ ಓದಲ್ವಾ ಯಜಮಾನ್ರೇ, ಹಂಗೇ ಇದೂವೆ,” ಎಂದಳು ಕಟ್ಟೆಯ ಹಿರಿಯ ಮರಿಸಿದ್ದಯ್ಯನಿಗೆ. “ಸ್ವಾಮಿ ಮೈಲಿದ್ದ ಕೀಟಾಣುಗೂ ಇವರ ಹಂದಿಗಳದ್ದಕ್ಕೂ ನೆಂಟಸ್ತಿಕೆನೇ ಇಲ್ಲ. ಮದ್ದೂರಲ್ಲಿ ಇನ್ನೊಬ್ಬರು ಇದೇ ಜ್ವರದಲ್ಲಿ ಮಲಗವ್ರೆ. ಅವರದೂ ಸ್ವಾಮೀದೂ ಒಡಹುಟ್ಟಿದಂಗದೆ. ಇಬ್ಬರಿಗೂ ಒಂದೇ ಕಡೆಯಿಂದ ಬಂದದೆ. ಅವರಿಗಿನ್ನೂ ಪ್ರಜ್ಞೆ ಬಂದಿಲ್ಲ. ಎಲ್ಲಿಂದ ಅಂತ ಸ್ವಾಮಿನೇ ಹೇಳ್ಬೇಕು.”

“ಹೆಳವ್ರು ಬಸವನ ಮ್ಯಾಲೆ ಬತ್ತರೆ ಕಣಮ್ಮ, ನೀನು ಸ್ಕೂಟ್ರಲ್ಲಿ ಬಂದಿದ್ದೀಯ,” ಎಂದ ಮರಿಸಿದ್ದಯ್ಯ. “ಸ್ವಾಮಿ ಅಂದಿ ಮುಟ್ಟೇ ಇಲ್ವಂತೆ. ಅಂಗಾದ್ರೆ ಗಾಳೀಲೇ ಬಂದಿರ್ಬೇಕು. ಗಾಳಿ ಬೀಸೋದು ಬೋರನ ದೊಡ್ಡಿ ಕಡೆಯಿಂದ್ಲೇಯ.”

“ಗಾಳಿಗೂ ನಾನೇ ಕಾವಲು ಕೂರಕ್ಕಾದದಾ ಬುದ್ದಿ?” ಎಂದ ದೂರ ನಿಂತಿದ್ದ ಚಿಕ್ಕಬೋರಯ್ಯ.

ಹಂದಿ ಮುಟ್ಟಿಲ್ಲ ಎಂದು ಸ್ವಾಮಿ ಆಸ್ಪತ್ರೆಯಲ್ಲೂ ಆಣೆ ಇಟ್ಟಿದ್ದ. ವನಜಾ ನಂಬಿರಲಿಲ್ಲ. ಮಂಗಳಮ್ಮನ ಮನೆದೇವರಿಗೆ ಹಂದಿ ಆಗದು. ಹಂದಿ ತಿನ್ನಲು ಅಂಥ ಮನೆಯ ಗಂಡಸರಿಗೆಲ್ಲ ಗದ್ದೆಯ ಪಂಪ್‌ಸೆಟ್ ಮನೆಯೇ ಗತಿ. ಅಲ್ಲಿ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸತ್ಯ. ವನಜಾಳ ಸೋದರಮಾವಂದಿರೂ ಹೀಗೇ ‘ನೀರು ಕಟ್ಟಲು’ ಹೋಗಿ ತೇಗುತ್ತ ಬರುತ್ತಿದ್ದರು.

ಕಟ್ಟೆಯ ಎದುರಿಗೇ ಸ್ವಾಮಿಯ ಮನೆ. ಅವನು ಜಗಲಿಯಲ್ಲಿ ಕೂತಿದ್ದ, ಒಳಗೆ ತಾಯಿ ರಾಗಿ ಕೇರುತ್ತಿದ್ದಳು. ವನಜಾ ಮೊಬೈಲಿನಲ್ಲಿ ಬರೆದು ತೋರಿಸಿದಳು: ‘ಪಂಪ್‌ಸೆಟ್ ಮನೆಗೆ ಮಾಂಸ ಎಲ್ಲಿಂದ ತಂದಿರಿ?’

ಸ್ವಾಮಿ ಒಳಗೊಮ್ಮೆ ನೋಡಿ ಇಲ್ಲವೆಂದು ತಲೆಯಾಡಿಸಿದ.

‘ಚೆನ್ನಾಗಿ ಬೆಂದದ್ದು ಏನೂ ಮಾಡಲ್ಲ. ಗಾಯದ ಕೈಯಲ್ಲಿ ಹಸಿ ಮಾಂಸ ಮುಟ್ಟಿದರೆ ಬರುತ್ತೆ.’

ಮತ್ತೆ ತಲೆಯಾಡಿಸಿದ. ಅವಳು ಬಿಡಲಿಲ್ಲ. ‘ನಿನ್ನ ಜೊತೆಗಾರರು ಈಗಲೂ ಅಲ್ಲಿಂದಲೇ ತರ್ತಿದ್ದಾರಾ? ಅವರ ಕಿವಿನೂ ಹೋಗ್ಲಾ?’

ಸ್ವಾಮಿ ಮೊಬೈಲನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಬಗ್ಗಿ, ಕೈ ಅಡ್ಡ ಹಿಡಿದು, ಅವಳ ಕಿವಿಯಲ್ಲಿ ಪಿಸುಗುಟ್ಟಿದ. ಪಿಸುಗುಟ್ಟಿದೆ ಎಂದೇ ಪಾಪ ಅವನು ತಿಳಿದಿದ್ದ. ಕಿವಿ ಹೋದವನಿಗೆ ತನ್ನ ದನಿಯ ಅಳತೆ ಎಲ್ಲಿ ಸಿಗಬೇಕು?

“ಅವ್ವಂಗೆ ಏಳ್ಬ್ಯಾಡಿ ಮೇಡಂ. ಮಳವಳ್ಳಿ ಸಂತೆ ಇಂದ್ಗಡೆ ಒಬ್ಬ ಕೊಡ್ತನೆ, ಅವನತ್ರನೇ ತತ್ತೀವಿ. ತೊಳ್ದು ಕುಯ್ಯದು ನಾನೇಯ, ಬೆಳ್ಳೂ ಕುಯ್ಕಂಡಿದ್ದೆ. ಮರಿಸಿದ್ದಣ್ಣಂಗೆ ಮೊದ್ಲು ಈಲಿ ತುಂಡು ಉರ್ದು ಕೊಡ್ಬೇಕು, ಇಲ್ದಿದ್ರೆ ಮುನಿಸ್ಕತನೆ.”

ಈ ಗುಟ್ಟಿಗೆ ಬೀದಿಯ ಕಾಗೆಗಳು ಎದ್ದು ಹಾರಿದವು. ಮೊರ ಹಿಡಿದ ಮಂಗಳಮ್ಮ ಬಾಗಿಲಿಗೆ ಬಂದಳು. ಕಟ್ಟೆಯಲ್ಲಿ ಬಾಡು ತಿಂದವರ ಮುಖವೆಲ್ಲ ಬಾಡಿತು. ಸ್ವಾಮಿ ಮಾತ್ರ ಎದೆಯ ಭಾರ ಇಳಿದವನಂತೆ ನಕ್ಕ.

ವನಜಾ ನೆಟ್ಟಗೆ ಕಟ್ಟೆಗೆ ನಡೆದಳು. “ಸ್ವಾಮಿ ಆಸ್ಪತ್ರೇಲಿದ್ದಾಗ ಬಾಡು ಕುಯ್ದೋರು ಯಾರು ಯಜಮಾನ್ರೇ?”

“ಜರ ತಲೆಗೇರಿ ಏನೇನೋ ಒದರ್ತಾವ್ನೆ ಬುಡಮ್ಮ.”

“ಕೈ ತೋರ್ಸಿ.”

ಅವಳು ಕದಲಲಿಲ್ಲ. ಒಂದೊಂದಾಗಿ ಕೈಗಳು ಮುಂದೆ ಬಂದವು. ಕೊನೆಗೆ ಮರಿಸಿದ್ದಯ್ಯನದು, ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

“ಗದ್ದೇಲಿ ಕುಡ್ಲು ತಾಗ್ತು,” ಎಂದ. ಅವಳು ನೋಡುತ್ತಲೇ ಇದ್ದಳು. “ಮೊನ್ನೆ ಬಾನುವಾರ. ಬಾಡು ಕುಯ್ವಾಗ,” ಎಂದು ದನಿ ತಗ್ಗಿಸಿದ. “ರಾತ್ರಿಯಿಂದ ತಲೆನೋವು ಬ್ಯಾರೆ.”

“ಈಗ್ಲೇ ಮಂಡ್ಯ ಆಸ್ಪತ್ರೆಗೆ ಹೊರಡಿ. ನಾನು ಫೋನ್ ಮಾಡಿ ಹೇಳ್ತೀನಿ. ನಾಳೆ ಅಂದ್ರೆ ತಡವಾಯ್ತದೆ.”

ಅಷ್ಟರಲ್ಲಿ ಹಂದಿ ಸಾಗಿಸಲು ಹೇಳಿದ್ದ ಲಾರಿ ಬಂದು ನಿಂತಿತು. “ಏರ್ಸದಾ, ಬ್ಯಾಡ್ವಾ?” ಎಂದ ಡ್ರೈವರು.

“ಅಂದಿ ಇಲ್ಲೇ ಇರ್ಲಿ ಕಣಪ್ಪ,” ಎಂದಳು ಮಂಗಳಮ್ಮ ಜಗಲಿಯಿಂದ. “ಈ ಯಜಮಾನ್ರನ್ನ ಏರುಸ್ಕಂಡು ಆಸ್ಪತ್ರೆಗೆ ಓಗು.”

ಲಾರಿ ಮಂಡ್ಯದ ಕಡೆ ತಿರುಗಿತು. ವನಜಾ ಮಾಂಸದವನನ್ನು ಹುಡುಕಿ ಮಳವಳ್ಳಿಗೆ ಹೊರಡಲು ಸ್ಕೂಟರ್ ಒದೆಯುವಷ್ಟರಲ್ಲಿ ಚಿಕ್ಕಬೋರಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಬಂದ.

“ಅಲ್ಲೂ ಅಂದಿ ಗಂಟ್ಲಿಗೆ ಅತ್ತಿ ಕಡ್ಡಿ ಆಕ್ಬೇಕಲ್ವಾ ತಾಯಿ? ಇಡ್ಕಳೋರು ಬ್ಯಾಡ್ವಾ?”

“ಕೂತ್ಕೊಳಿ,” ಎಂದಳು ವನಜಾ.