ಕಂಬದ ಹಿಂದಿನ ದಾರ

ಜಾನ್ ಪಾಷಾ ಚಟ್ಟಕ್ಕೆ ಮೂರನೆಯ ಗಂಟು ಬಿಗಿಯುತ್ತಿದ್ದಾಗ ನಂಗಲಿ ಶಾಲೆಯ ಹೆಡ್ ಮೇಡಂ ಶ್ಯಾಮಲಮ್ಮ ಏದುಸಿರು ಬಿಡುತ್ತಾ ಅಂಗಳಕ್ಕೆ ನುಗ್ಗಿದರು. ಸೆರಗಿಗೆ ಕಾಗದದ ಬಾವುಟ ಚುಚ್ಚಿಕೊಂಡಿದ್ದರು. ಹೆಣಕ್ಕೆ ಅರೆಕ್ಷಣ ಕೈಮುಗಿದು, ತಲೆಯ ಹತ್ತಿರ ಕೂತಿದ್ದ ಹೆಂಡತಿ ಅಂಜಮ್ಮನ ಪಕ್ಕ ಕುಕ್ಕರಿಸಿದರು.

“ಅಂಜಮ್ಮಾ, ಇಂಥಾ ಹೊತ್ತಲ್ಲಿ ಕೇಳಬಾರದು. ಬಾವುಟ ಬಿಚ್ಕೊಳ್ತಾ ಇಲ್ಲ!”

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದರು. ಇದು ಅಳುವುದಕ್ಕಿಂತ ಸ್ವಾರಸ್ಯವಾಗಿತ್ತು.

ಸತ್ತವನು ವೆಂಕಟರಮಣಪ್ಪ, ಆ ಶಾಲೆಯ ಜವಾನ. ಮೂವತ್ತೊಂದು ವರ್ಷ ಆಗಸ್ಟ್ ಹದಿನೈದಕ್ಕೂ ಜನವರಿ ಇಪ್ಪತ್ತಾರಕ್ಕೂ ಬಾವುಟ ಮಡಚಿ, ಗಂಟು ಹಾಕಿ, ಕಂಬದ ತುದಿಗೆ ಏರಿಸಿದವನು. ನಿವೃತ್ತಿಯಾದ ಮೇಲೂ ಆ ಕೆಲಸ ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ನಿನ್ನೆ ಸಂಜೆಯೂ ಅದನ್ನು ಏರಿಸಿ ಬಂದು, ಕಾಫಿ ಕೇಳಿ, ಲೋಟ ಬರುವಷ್ಟರಲ್ಲಿ ಗೋಡೆಗೊರಗಿ ಹೋಗಿಬಿಟ್ಟಿದ್ದ.

“ಪಂಚಾಯ್ತಿ ಅಧ್ಯಕ್ಷರು ಎಳೆದೂ ಎಳೆದೂ ಸಾಕಾದ್ರು,” ಎಂದರು ಶ್ಯಾಮಲಮ್ಮ. “ಪಿ.ಟಿ. ಮೇಷ್ಟ್ರು ಎಳೆದ್ರು. ಇಬ್ಬರೂ ಸೇರಿ ಎಳೆದ್ರು. ಅದು ಮೂಟೆ ಥರ ಮೇಲೇ ಕೂತಿದೆ. ಗಂಟು ತಪ್ಪಾಗಿ ಹಾಕಿ ಹೋಗಿದಾನೆ ಮುದುಕ ಅಂತ ಅಧ್ಯಕ್ಷರು ಮೈಕ್‌ನಲ್ಲೇ ಅಂದ್ಬಿಟ್ರು.”

“ಅರೆ, ನಮ್ ದೋಸ್ತ್ ಗಂಟು ತಪ್ಪೋದಾ?” ಜಾನ್ ಪಾಷಾ ಎದ್ದು ನಿಂತ. “ಲಾರಿಗೆ ಟಾರ್ಪಾಲು ಕಟ್ಟೋದ್ನ ನನಗೇ ಕಲ್ಸಿದ್ದು ಅವನು!”

ಅಂಜಮ್ಮ ಮೊದಲ ಸಲ ತಲೆಯೆತ್ತಿದಳು. ಗಂಡ ಹೋದ ದುಃಖ ಒಂದು ಕಡೆ ಇತ್ತು. ಅವನ ಕೊನೆಯ ಗಂಟಿಗೆ ಬಂದ ಕೆಟ್ಟ ಹೆಸರು ಅವನ ಜೊತೆ ಸುಟ್ಟುಹೋಗುವುದಿಲ್ಲ, ಊರಲ್ಲೇ ಉಳಿಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

“ಮೈಕ್‌ನಲ್ಲಾ?” ಎಂದಳು.

*

ಅವನು ಕೆಲಸಕ್ಕೆ ಸೇರಿದ ಮೊದಲ ವರ್ಷ ಮುಖ್ಯ ಅತಿಥಿಯೊಬ್ಬರು ದೇಶಪ್ರೇಮ ಉಕ್ಕಿ, ಬಾವಿಯಿಂದ ಕೊಡ ಸೇದುವಂತೆ ಹಗ್ಗ ಜಗ್ಗಿದ್ದರು. ಬಾವುಟ ಗಂಟಿನ ಸಮೇತ ಅವರ ತಲೆಯ ಮೇಲೆ ಬಿದ್ದಿತ್ತು. ಮೆಮೊ ಬಂದದ್ದು ವೆಂಕಟರಮಣಪ್ಪನಿಗೆ.

ಅಂದು ಅವನು ಅಂಜಮ್ಮನ ಮದುವೆ ಸೀರೆಯನ್ನು ಮನೆಯ ತೊಲೆಗೆ ಕಟ್ಟಿ ಸಂಜೆಯವರೆಗೆ ಪ್ರಯೋಗ ಮಾಡಿದ. ಕೊನೆಗೆ ಉಪಾಯ ಹೊಳೆಯಿತು. ದೊಡ್ಡ ಹಗ್ಗವನ್ನು ಎಷ್ಟು ಎಳೆದರೂ ಏನೂ ಆಗಬಾರದು. ಗಂಟಿನಿಂದ ತೆಳ್ಳನೆಯ ನೈಲಾನ್ ದಾರವೊಂದು ಯಾರ ಕಣ್ಣಿಗೂ ಬೀಳದಂತೆ ಕಂಬದ ಹಿಂದೆ ಇಳಿಯಬೇಕು. ಅದನ್ನು ಎಳೆಯುವವನು ತಾನು.

“ಹಗ್ಗ ಯಾರಾದ್ರೂ ಹಿಡ್ಕೊಳ್ಳಲಿ ಕಣೇ, ಬಿಚ್ಚೋನು ನಾನು.”

“ಚಪ್ಪಾಳೆ ಅವ್ರಿಗೆ ಹೊಡೀತಾರಲ್ಲ?”

“ಬಾವುಟಕ್ಕೆ ಹೊಡೀತಾರೆ ಬಿಡೇ. ನೀನು ಮಾತ್ರ ಯಾರಿಗೂ ಹೇಳ್ಬೇಡ.”

ಹಾಗೆಂದನೇ ಹೊರತು ಹೊಟ್ಟೆಯಲ್ಲಿ ಉರಿ ಇಲ್ಲದಿರಲಿಲ್ಲ. ಅತಿಥಿಗಳು ಬಂದರು, ಎಳೆದರು, ಎದೆಯುಬ್ಬಿಸಿ ಭಾಷಣ ಮಾಡಿದರು. ಕಂಬದ ಹಿಂದೆ ನಿಲ್ಲುವ ಜವಾನನನ್ನು ಎಲ್ಲರೂ ವಿನಯವಂತ ಎಂದುಕೊಂಡರು. ಒಂದು ವರ್ಷ ಪೇಪರಿನ ಫೋಟೋದಲ್ಲಿ ಅವನ ಮೊಣಕೈ ಬಂತು. ಅದನ್ನು ಕತ್ತರಿಸಿ, ಫ್ರೇಮು ಹಾಕಿಸಿ, ದೇವರ ಪಕ್ಕ ನೇತುಹಾಕಿದ. “ಇದು ನಮ್ಮನೇವ್ರು,” ಎಂದು ಬಂದವರಿಗೆಲ್ಲ ಅಂಜಮ್ಮನೇ ತೋರಿಸುತ್ತಿದ್ದಳು. ಆ ಬಾವುಟ ಕಂಡರೆ ಅವಳಿಗೆ ಹೆಮ್ಮೆ, ಅದರ ಕೆಳಗೆ ನಿಂತವರನ್ನು ಕಂಡರೆ ಸಿಟ್ಟು.

*

ಅಂಜಮ್ಮ ಎದ್ದು ಸೆರಗು ಬಿಗಿದಳು. “ಪಾಷಣ್ಣ, ಎತ್ತಿಸಿ. ಸ್ಕೂಲ್ ಮುಂದಿನ ದಾರೀಲಿ ಹೋಗೋಣ.”

ಸತ್ತವನ ಅಕ್ಕ ದೊಡ್ಡಮುನಿಯಮ್ಮ ಅಡ್ಡ ಬಂದಳು. “ಎಕ್ಕಡಿಕೇ? ಎಲ್ಲಿಗೇ ಹೊರಟೆ? ಗಂಡನ್ನ ಕಳ್ಕೊಂಡು ಒಂದು ದಿನ ಆಗಿಲ್ಲ, ಸಭೆಗೆ ಹೋಗ್ತಾಳಂತೆ! ಜನ ಏನಂತಾರೆ?”

“ಅನ್ನೋದೆಲ್ಲಾ ಮೈಕ್‌ನಲ್ಲಿ ಅಂದಾಯ್ತಲ್ಲ ಅತ್ತಿಗೆ. ನೀನೂ ಬಾ.”

ಶಾಲೆಯ ಗೇಟಿನಲ್ಲಿ ಚಟ್ಟ ನಿಂತಿತು, ತಮಟೆಯೂ ನಿಂತಿತು. ಅಧ್ಯಕ್ಷ ಚನ್ನರಾಯಪ್ಪ ಇನ್ನೂ ಹಗ್ಗಕ್ಕೆ ಜೋತುಬಿದ್ದಿದ್ದ. ಹೊಸ ಜುಬ್ಬಾದ ಕಂಕುಳು ಹರಿದಿತ್ತು.

“ಹಗ್ಗ ಬಿಡಿ ಅಧ್ಯಕ್ಷರೇ.”

“ಬಿಟ್ರೆ ಹೆಂಗಮ್ಮಾ? ಹಾರಿಸೋನು ನಾನು!”

“ಹೋದ ವರ್ಷಾನೂ ನೀವು ಹಾರಿಸ್ಲಿಲ್ಲ. ಈ ಮೂವತ್ತು ವರ್ಷದಲ್ಲಿ ಬಂದೋರು ಯಾರೂ ಹಾರಿಸ್ಲಿಲ್ಲ. ಹಾರ್ಸಿದ್ದು ನಮ್ಮನೇವ್ರು.”

ಮೈಕ್ ಆನ್ ಆಗಿಯೇ ಇತ್ತು. ಮಾತು ಹೆದ್ದಾರಿಯಲ್ಲಿ ನಿಂತ ಲಾರಿಗಳವರೆಗೂ ಕೇಳಿಸಿತು.

ಚನ್ನರಾಯಪ್ಪ ಹಗ್ಗ ಬಿಟ್ಟ. ಬಿಟ್ಟ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡ. ಅಂಜಮ್ಮ ಕಂಬದ ಹಿಂದೆ ಹೋಗಿ, ಮೊಳೆಗೆ ಸುತ್ತಿದ್ದ ದಾರ ಬಿಡಿಸಿ, ಗೇಟಿನ ಕಡೆ ಒಮ್ಮೆ ನೋಡಿ, ಎರಡೇ ಬೆರಳಿನಲ್ಲಿ ಮೆಲ್ಲಗೆ ಎಳೆದಳು. ನಿನ್ನೆಯಿಂದ ಬಾರದ ಅಳು ಅವಳಿಗೆ ಆಗ ಬಂತು.

ಬಾವುಟ ತಟ್ಟನೆ ಬಿಚ್ಚಿಕೊಂಡಿತು. ಗಾಳಿ ಅವಳ ಕಡೆಗೇ ಬೀಸುತ್ತಿತ್ತು. ಒಳಗಿದ್ದ ಗುಲಾಬಿ, ಸೇವಂತಿಗೆ ಎಸಳುಗಳೆಲ್ಲ ಕಂಬದ ಹಿಂದೆ, ಅಂಜಮ್ಮನ ತುರುಬಿನ ಮೇಲೆ ಉದುರಿದವು. ಗಂಡ ಸತ್ತವಳ ತಲೆಯಲ್ಲಿ ಹೂವು! ದೊಡ್ಡಮುನಿಯಮ್ಮ ಗಾಬರಿಬಿದ್ದು ತೆಗೆಯಲು ಕೈಚಾಚಿದಳು.

ಅಷ್ಟರಲ್ಲಿ ಮಕ್ಕಳು ರಾಷ್ಟ್ರಗೀತೆ ಶುರುಮಾಡಿದರು. ಚಟ್ಟ ಹೊತ್ತವರೂ ಸೇರಿ ಎಲ್ಲರೂ ನೆಟ್ಟಗಾದರು.

“ಅಕ್ಕಾ, ಅಲುಗಾಡ್ಬೇಡಿ,” ಜಾನ್ ಪಾಷಾ ಪಿಸುಗುಟ್ಟಿದ.

ದೊಡ್ಡಮುನಿಯಮ್ಮ ಚಾಚಿದ ಕೈಯನ್ನು ಚಾಚಿಕೊಂಡೇ ನಿಂತಳು. ಕೈಗೂ ಹೂವಿಗೂ ನಡುವೆ ಒಂದು ಗೇಣು ಇತ್ತು.